ಬೋಳುತಲೆಯ ಮೇಲಿನ ಸೀಮೆಸುಣ್ಣ

ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ಅನಾಟಮಿ ಸರ್ ತಮ್ಮ ಬೋಳುತಲೆಯ ಮೇಲೆ ತಾವೇ ಗೆರೆ ಎಳೆದುಕೊಳ್ಳುತ್ತಿದ್ದರು. ಕನ್ನಡಿಯ ಹಂಗಿಲ್ಲ. ಹಣೆಯ ಎಲುಬು ನೆತ್ತಿಯ ಎಲುಬಿಗೆ ಕೂಡುವಲ್ಲಿ ಕೆಂಪು ಸೀಮೆಸುಣ್ಣ, ನಡುನೆತ್ತಿಯ ಉದ್ದಕ್ಕೆ ನೀಲಿ, ಹಿಂದೆ ಕವಲೊಡೆಯುವಲ್ಲಿ ಬಿಳಿ. ಕೊನೆಗೆ ಎಡಗಡೆ ಕಣ್ಣಿಗೂ ಕಿವಿಗೂ ನಡುವೆ, ಕಣತಲೆಯ ಮೇಲೆ ಒಂದು ಇಂಟು ಗುರುತು. ಸಂಜೆ ಹೆಲ್ಮೆಟ್ಟಿನಡಿ ಗೆರೆಗಳು ಅರ್ಧ ಅಳಿಸಿಹೋದ ಅದೇ ತಲೆಯಲ್ಲಿ ವಡೋದರಾದ ಮಂಜಲ್‌ಪುರದಲ್ಲಿ ತರಕಾರಿ ಗಾಡಿಯ ಮುಂದೆ ನಿಂತು ಬದನೆಕಾಯಿ ಆರಿಸುತ್ತಿದ್ದರು. ನಗುವ ಧೈರ್ಯ ಯಾರಿಗೂ ಇರಲಿಲ್ಲ.

ಇಂಟು ಗುರುತನ್ನು ಬೆರಳಿನಿಂದ ತಟ್ಟಿ ಪಾಠ ಮಾಡುತ್ತಿದ್ದರು. ನಾಲ್ಕು ಎಲುಬು ಇಲ್ಲಿ ಕೂಡುತ್ತವೆ, ಇಡೀ ತಲೆಬುರುಡೆಯಲ್ಲಿ ಇದೇ ತೆಳು. ಎಷ್ಟು ತೆಳು? ಗುಜರಾತಿ ಹುಡುಗರಿಗೆ ಖಾಖರಾದಷ್ಟು ಎಂದು ಹೇಳಿ, ನನ್ನ ಕಡೆ ತಿರುಗಿ, "ನಿನಗ ಹಪ್ಪಳ" ಎನ್ನುತ್ತಿದ್ದರು. ಪೆಟ್ಟು ಬಿದ್ದವನು ಎದ್ದು ಕೂಡುತ್ತಾನೆ, ಚಹಾ ಕುಡಿಯುತ್ತಾನೆ, ಆರಾಮಾಗಿದ್ದೇನೆ ಅನ್ನುತ್ತಾನೆ. ಒಳಗೆ ರಕ್ತ ತುಂಬುತ್ತಿರುತ್ತದೆ. ಆ ಮಾತು ನಂಬಿದ ಡಾಕ್ಟರು ಕೊಲೆಗಾರ. ಇದನ್ನು ಅವರು ಮೂರು ಭಾಷೆಯಲ್ಲಿ ಹೇಳುತ್ತಿದ್ದರು.

ಮೂರನೆಯ ಭಾಷೆ ನನ್ನೊಬ್ಬಳಿಗಾಗಿ. ಅವರು ಧಾರವಾಡದವರು, ನೌಕರಿಗೆಂದು ವಡೋದರಾಕ್ಕೆ ಬಂದು ಗುಜರಾತಿ ಹೆಂಗಸನ್ನು ಮದುವೆಯಾಗಿ ಅಲ್ಲೇ ಉಳಿದವರು. ನನ್ನ ಅಪ್ಪ ವಿಮಾ ಕಚೇರಿಯ ವರ್ಗಾವಣೆಯಲ್ಲಿ ಮೈಸೂರಿನಿಂದ ಬಂದವರು. ಮೊದಲ ದಿನ ಹಾಜರಿಯಲ್ಲಿ ನನ್ನ ಹೆಸರು ಕಂಡು ಸರ್ ಕನ್ನಡದಲ್ಲಿ ಮಾತಾಡಿಸಿದಾಗ ನನಗೆ ಅದೆಷ್ಟು ಹಿಗ್ಗಾಯಿತೆಂದರೆ, ಸಂಜೆ ಅಮ್ಮ ಪಾಯಸ ಮಾಡಿದ್ದರು. ಪಾಪ, ಅಮ್ಮ.

ಮರುದಿನವೇ ನಾನು ಆ ತಪ್ಪು ಮಾಡಿದೆ. ಮೊದಲ ಸಲ ತಲೆಬುರುಡೆ ಎತ್ತುವವರೆಲ್ಲ ಮಾಡುವ ತಪ್ಪು ಅದು: ಕಣ್ಣಿನ ಗುಳಿಗಳಲ್ಲಿ ಬೆರಳು ತೂರಿಸಿ ಎತ್ತುವುದು. ಗುಳಿಯ ಒಳಗೋಡೆ ಕಾಗದದ ಹಾಗಿರುತ್ತದೆ, ಉಗುರು ತಾಗಿದರೂ ಮುರಿಯುತ್ತದೆ. ನನ್ನ ಬೆರಳಡಿ ಸಣ್ಣಗೆ ಚಟ್ ಎಂದಿತು.

"ಏನವಾ, ನಿಮ್ಮಪ್ಪ ನಿನ್ನ ಕಣ್ಣಾಗ ಬಟ್ಟ ಹಾಕಿ ಎತ್ತಿಕೊಂಡು ತಿರಗತಿದ್ದನೇನು? ಸತ್ತ ಮಂದಿಗೆ ನೋವಾಗೂದಿಲ್ಲ ಅಂತ ತಿಳದಿ? ನಿನ್ನಂಥಾಕಿ ಕೈಯಾಗ ಬದುಕಿದವ್ರೂ ಸಾಯತಾರ."

ದನಿ ಏರಿಸಲಿಲ್ಲ. ನಗುನಗುತ್ತಾ, ಮಗಳಿಗೆ ಹೇಳುವ ಹಾಗೆ ಹೇಳಿದರು. ಆಮೇಲೆ ಬುರುಡೆಯನ್ನು ನನ್ನ ಎರಡೂ ಅಂಗೈ ಮೇಲಿಟ್ಟು ವರಾಂಡದಲ್ಲಿ ಒಂದು ಗಂಟೆ ನಿಲ್ಲಿಸಿದರು. ಒಳಗೆ ಬಂದಾಗ, ಕನ್ನಡದ ಒಂದಕ್ಷರ ತಿಳಿಯದ ಪಕ್ಕದ ಹುಡುಗಿ ಹೊಟ್ಟೆಕಿಚ್ಚಿನಿಂದ ಗುಜರಾತಿಯಲ್ಲಿ ಪಿಸುಗುಟ್ಟಿದಳು, "ನಿನಗೇನಪ್ಪಾ, ನಿಮ್ಮೂರವರು. ಎಷ್ಟು ಪ್ರೀತಿಯಿಂದ ಮಾತಾಡಿಸ್ತಾರೆ."

ವರ್ಷವಿಡೀ ಇದೇ ಕಥೆ. ಅವರದೊಂದು ಖಾದಿ ಚೀಲವಿತ್ತು. ಅದರೊಳಗೊಂದು ಎಲುಬು, ನೋಡುವಂತಿಲ್ಲ, ಕೈ ಹಾಕಿ ಮುಟ್ಟಿ ಯಾವ ಎಲುಬು, ಎಡವೋ ಬಲವೋ ಹೇಳಬೇಕು. ಬೇರೆಯವರು ಸರಿ ಹೇಳಿದರೆ ಗುಡ್. ನಾನು ಸರಿ ಹೇಳಿದರೆ, "ಇರ್ಲಿ." ತಪ್ಪಿದರೆ ಅದೇ ನಗುಮುಖದಲ್ಲಿ, "ಅಡಗಿ ಮಾಡಾಕ ಹೋಗು, ಅಲ್ಲೂ ಉಪ್ಪಿನ ಬದಲಿ ಸೋಡಾ ಹಾಕತಿ." ಸುತ್ತ ಕೂತವರು ನಮ್ಮ ಅಕ್ಕರೆ ಕಂಡು ಮುಗುಳ್ನಗುತ್ತಿದ್ದರು. ನನಗೆ ಅವರ ಬಾಯಿಂದ ಒಂದೇ ಒಂದು "ಬರೋಬ್ಬರಿ" ಬೇಕಿತ್ತು. ಅದಕ್ಕಾಗಿ ಹಾಸಿಗೆಯಲ್ಲಿ ಎಲುಬು ಹಿಡಿದು ಕಣ್ಣು ಮುಚ್ಚಿ ತಡವುತ್ತಿದ್ದೆ. ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಚೀಲದೊಳಗಿದ್ದದ್ದು ಕೆನ್ನೆಯ ಎಲುಬು. ಬಲ ಎಂದೆ. ಎಡವಾಗಿತ್ತು. ಫೇಲು ಮಾಡಿದರು. ಆರು ತಿಂಗಳು ಕಳೆದು ಮತ್ತೆ ಕೂತಾಗ ಬೇರೆ ಪರೀಕ್ಷಕರಿದ್ದರು.

ನಾನು ಹಟಕ್ಕೆ ಬಿದ್ದೆ. ಮಿದುಳಿನ ಶಸ್ತ್ರವೈದ್ಯೆಯಾದೆ, ಅಹಮದಾಬಾದಿನಲ್ಲಿ ನೆಲೆಯೂರಿದೆ. ಸುದ್ದಿ ಹೇಳಲು ಫೋನು ಮಾಡಿದರೆ, "ನಿನ್ನ ಪಾಸು ಮಾಡಿದ ಕಾಲೇಜು ಯಾವುದದು?" ಎಂದರು. ಅಂದಿನಿಂದ ವರ್ಷಕ್ಕೆರಡು ಸಲ ಅವರೇ ಫೋನು ಮಾಡುತ್ತಿದ್ದರು. ಕುಶಲ ಕೇಳುವ ಪದ್ಧತಿಯಿಲ್ಲ, ನೇರ ಪ್ರಶ್ನೆ. ಉತ್ತರ ಕೇಳಿ "ಇರ್ಲಿ" ಎಂದು ಇಟ್ಟುಬಿಡುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗನಿಗೆ ಕನ್ನಡ ಬರುತ್ತಿರಲಿಲ್ಲ. ಬೈಯುವುದಕ್ಕಾದರೂ ಅವರಿಗೆ ಕನ್ನಡದವಳೆಂದು ಇದ್ದವಳು ನಾನೊಬ್ಬಳೇ ಎಂಬುದು ನನಗೆ ಹೊಳೆಯಲೇ ಇಲ್ಲ. ನಾನು ಅವರನ್ನು ದ್ವೇಷಿಸುವುದರಲ್ಲಿ ಮುಳುಗಿದ್ದೆ.

ಒಂದು ಭಾನುವಾರ ಬೆಳಿಗ್ಗೆ ವಸ್ತ್ರಾಪುರದ ಮನೆಯಲ್ಲಿ ತಿಂಡಿಗೆ ಕೂತಿದ್ದೆ. ಫೋನು ಬಂತು.

"ಬಚ್ಚಲದಾಗ ಜಾರಿ ಬಿದ್ದೆ. ನಳಕ್ಕ ತಲಿ ಬಡೀತು, ಎಡಕ್ಕ. ಈಗ ಆರಾಮ ಅದೀನಿ. ಚಾ ಕುಡದೆ."

ತಟ್ಟೆ ಪಕ್ಕಕ್ಕೆ ಸರಿಸಿದೆ. "ಸರ್, ಈಗಲೇ ಆಸ್ಪತ್ರೆಗೆ ಹೊರಡಿ. ಮಗನಿಗೆ ಫೋನ್ ಕೊಡಿ."

"ಅವಗ ಯಾಕ ಕೊಡ್ಲಿ? ಮೊದಲ ನೀ ಹೇಳು. ಬಡದ ಜಾಗಾದಾಗ ಕೂಡೂ ಎಲುಬು ಯಾವ್ಯಾವು?"

ಅಲ್ಲಿ ನಾನು ಫೋನು ಕತ್ತರಿಸಬೇಕಿತ್ತು. ಆಂಬುಲೆನ್ಸಿಗೆ ಹೇಳಬೇಕಿತ್ತು. ವಾರಕ್ಕೊಮ್ಮೆ ಅದೇ ಜಾಗದಲ್ಲಿ ಬುರುಡೆ ಕೊರೆದು ರಕ್ತ ಹೊರಗೆ ತೆಗೆಯುವವಳು ನಾನು, ಎದ್ದು ನಿಂತೆ. ಅಂದು ಬುರುಡೆ ಹಿಡಿದು ವರಾಂಡದಲ್ಲಿ ನಿಂತ ಹಾಗೆ ನಿಂತೆ. "ಫ್ರಾಂಟಲ್, ಪರೈಟಲ್, ಟೆಂಪೊರಲ್..."

"ನಾಕನೇದು?"

"ಸ್ಫಿನಾಯ್ಡ್."

"ಒಳಗ ಯಾವ ರಕ್ತನಾಳ? ಎಲ್ಲಿಂದ ಹುಟ್ಟತೈತಿ? ಯಾವ ತೂತಿನಿಂದ ತಲಿಯೊಳಗ ಬರತೈತಿ?"

ಒಂದೊಂದಕ್ಕೂ ಉತ್ತರ ಕೊಟ್ಟೆ. ನಡುನಡುವೆ "ಸರ್, ಹೊರಡಿ" ಎನ್ನುತ್ತಿದ್ದೆ, ಅವರು "ಅವಸರ ಮಾಡಬ್ಯಾಡ" ಎನ್ನುತ್ತಿದ್ದರು, ನಗುತ್ತಿದ್ದರು. ಎಲ್ಲ ಮುಗಿದ ಮೇಲೆ ಹೇಳಿದರು, "ಬರೋಬ್ಬರಿ."

ನಾಚಿಕೆಗೇಡು, ಆ ಗಳಿಗೆಯಲ್ಲಿ ನನಗೆ ಸಂತೋಷವಾಯಿತು.

"ತಲಿ ನೋಯಾಕ ಹತ್ತೈತಿ. ಸ್ವಲ್ಪ ಮಲಗತೀನಿ" ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ಮಗನ ನಂಬರು ಹುಡುಕಿ ಹಿಡಿಯುವಷ್ಟರಲ್ಲಿ ಒಂದು ಗಂಟೆಯಾಗಿತ್ತು. ನಾನು ಕಾರು ಓಡಿಸಿಕೊಂಡು ವಡೋದರಾದ ಆಸ್ಪತ್ರೆ ಮುಟ್ಟಿದಾಗ ಅವರ ಎರಡೂ ಕಣ್ಣಿನ ಪಾಪೆ ಹಿಗ್ಗಿ ನಿಂತಿದ್ದವು, ಇನ್ನು ಮಾಡುವುದೇನೂ ಉಳಿದಿರಲಿಲ್ಲ. ಫೋನಿನಲ್ಲಿ ನಮ್ಮ ಮಾತುಕತೆ ಹನ್ನೊಂದು ನಿಮಿಷ ಎಂದು ದಾಖಲಾಗಿದೆ. ಅದನ್ನು ಅಳಿಸಲು ಕೈ ಬಂದಿಲ್ಲ.

ದೇಹದಾನದ ಅರ್ಜಿಯನ್ನು ಅವರು ಹಿಂದೆಯೇ ತುಂಬಿಟ್ಟಿದ್ದರು. ಅಂಚಿನಲ್ಲಿ ಕೈಬರಹದಲ್ಲಿ ಒಂದು ಷರತ್ತು: ಬುರುಡೆಯನ್ನು ಕಣ್ಣಿನ ಗುಳಿಯಲ್ಲಿ ಬೆರಳು ಹಾಕಿ ಎತ್ತಬಾರದು. ಆದರೆ ಬಿದ್ದು ಸತ್ತವರಿಗೆ ಪೋಸ್ಟ್‌ಮಾರ್ಟಮ್ ಆಗಬೇಕು, ಪೋಸ್ಟ್‌ಮಾರ್ಟಮ್ ಆದ ದೇಹ ಪಾಠಕ್ಕೆ ಬೇಡ ಎಂದು ಕಾಲೇಜು ಹಿಂದೆ ಕಳಿಸಿತು. ಸೋಮವಾರ ಆ ತಲೆಯ ಸುತ್ತ ಇದ್ದದ್ದು ಗರಗಸದ ಒಂದೇ ಗೆರೆ. ಅದನ್ನೂ ಬೆಂಕಿಗೆ ಕೊಟ್ಟೆವು.

ಅವರ ಮನೆಗೆ ಬಂದ ಮೇಲೆ ಮಗ ನನ್ನ ಪಕ್ಕ ಬಂದು ಕೂತ. ಗುಜರಾತಿ ಬೆರೆತ ಹಿಂದಿಯಲ್ಲಿ ನಿಧಾನವಾಗಿ ಹೇಳಿದ.

"ದೀದಿ, ಅಪ್ಪ ಬಿದ್ದ ಕೂಡಲೇ ನಾನು ಕಾರು ತೆಗೆದಿದ್ದೆ. ಆಸ್ಪತ್ರೆಗೆ ಕರೆಯೋಣ ಅಂತ ಒಳಗೆ ಹೋದರೆ ನಿಮ್ಮ ಜೊತೆ ಕನ್ನಡದಲ್ಲಿ ಮಾತಾಡ್ತಿದ್ದರು. ಅಷ್ಟು ನಗುತ್ತಾ, ಅಷ್ಟು ಪ್ರೀತಿಯಿಂದ. ನಾಲ್ಕು ಮಾತಾಡಲಿ ಪಾಪ, ಆರಾಮಾಗೇ ಇದ್ದಾರಲ್ಲ ಅಂತ ಕಾರಿನ ಕೀಲಿ ಮೇಜಿನ ಮೇಲಿಟ್ಟೆ. ಆಮೇಲೆ ಮಲಗಿದರು, ಎಬ್ಬಿಸೋದು ಬೇಡ ಅನ್ನಿಸಿತು." ಕಡೆಗೆ ಕೇಳಿದ, "ಏನು ಮಾತಾಡಿದರು ದೀದಿ?"

"ಊರಿನ ವಿಷಯ" ಎಂದೆ.

ಅವನು ಕಣ್ಣೊರೆಸಿಕೊಂಡು, ಅಪ್ಪನ ಕೊನೆಯ ಮಾತು ಅವರ ಭಾಷೆಯಲ್ಲೇ ಆಗುವ ಹಾಗೆ ಮಾಡಿದಿರಿ, ಆ ಋಣ ದೊಡ್ಡದು ಎಂದು ಕೈಮುಗಿದ. ನಾನೂ ಕೈಮುಗಿದೆ.