ಫ್ಯಾನಿಗೆ ಕಟ್ಟಿದ ಹೂವು

ನಮ್ಮ ಮಾವನವರಿಗೆ ಕಾರಿನ ಚಾವಿ ಎಂದರೆ ಪ್ರಾಣ. ಎಂಬತ್ತರ ದಶಕದ ನಡುವಿನಲ್ಲಿ, ಹಳೆಯ ದೊಡ್ಡ ಕಾರು ಮಾರಿ ನಮ್ಮ ತ್ರಿಪ್ಲಿಕೇನ್ ಮನೆಗೆ ಹೊಸ ಸಣ್ಣ ಕಾರು ತಂದಾಗ ನನಗೂ ಲೈಸೆನ್ಸ್ ಇತ್ತು. ಆದರೆ ಚಾವಿ ಅವರ ಜೇಬು ಬಿಟ್ಟು ಕದಲುತ್ತಿರಲಿಲ್ಲ. ನನ್ನ ಯಜಮಾನರು ರೈಲ್ವೆ ಕೆಲಸದ ಮೇಲೆ ಸದಾ ಊರೂರು ಸುತ್ತುತ್ತಿದ್ದರು. ಅತ್ತೆಯ ಅಕ್ಕ ಪೋರೂರಿನಲ್ಲಿ ಹಾಸಿಗೆ ಹಿಡಿದಿದ್ದರು. ಮಂಡಿನೋವಿನ ಅತ್ತೆಗೆ ಬಸ್ಸು ಹತ್ತಲಾಗದು. ಮಾವನವರಿಗೋ, ಹೆಂಡತಿಯ ಕಡೆಯವರ ಮನೆ ಎಂದೊಡನೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಆಯುಧಪೂಜೆಯ ಮರುದಿನ ಅತ್ತೆ ಕಣ್ಣೀರು ಹಾಕಿದ ಮೇಲೆ ಚಾವಿ ನನ್ನ ಕೈಗೆ ಬಂತು.

"ಒಂದ್ಸಲ ನೋಡ್ತೀನಿ. ವಂಡಿಗೆ ಏನಾದ್ರೂ ಆಯ್ತೋ, ಅಷ್ಟೇ, ಮತ್ತೆ ಕೇಳ್ಬೇಡಿ," ಎಂದರು ಮಾವ. ಇನ್ನೂ ಹೊರಡದ ಕಾರಿಗೆ ಮನಸ್ಸಿನಲ್ಲೇ ಆಕ್ಸಿಡೆಂಟ್ ಮಾಡಿಸಿ ಆಗಿತ್ತು.

ಅತ್ತೆಯನ್ನು ಕೂರಿಸಿಕೊಂಡು ಪೋರೂರಿಗೆ ಹೊರಟೆ. ದಾರಿಯಲ್ಲಿ ವಡಪಳನಿಯ ಸಂದಣಿಯಲ್ಲಿ ತೆವಳುವಾಗ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಗೋಡೆಯ ನೆರಳಿನಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆ. ಕಾದ ವಾಸನೆ, ರೇಡಿಯೇಟರಿನ ಹಿಂದಿನ ಫ್ಯಾನು ಮಾತ್ರ ಅಲುಗದೆ ನಿಂತಿತ್ತು. ಟೀ ಗ್ಲಾಸು ಹಿಡಿದ ಒಬ್ಬರು ಬಂದು, "ಮೂಡಿಯ ತೊರಂದು ತಣ್ಣಿ ಊತ್ತುಂಗಮ್ಮಾ," ಎಂದರು. ಅವರ ತಮಿಳು ಸಲಹೆಯಂತೆ ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ನೀರು ಸುರಿಯಲು ಹೋದರೆ ಮುಖ ಬೇಯುತ್ತಿತ್ತು. ಕೈಮುಗಿದು ಬೇಡವೆಂದೆ.

ಕಾರು ತಂದುಕೊಟ್ಟವನನ್ನು ನಾನು ಅಂದೇ ಪ್ರಶ್ನೆ ಕೇಳಿ ಕೇಳಿ ಗೋಳುಹೊಯ್ದುಕೊಂಡಿದ್ದೆ. ಹಳೆಯ ಕಾರಿನ ಫ್ಯಾನಿಗೆ ಬೆಲ್ಟು. ಎಂಜಿನ್ ಓಡಿದರೆ ಅದೂ ತಿರುಗುತ್ತಿತ್ತು. ಇದಕ್ಕೆ ಕರೆಂಟಿನ ಮೋಟಾರು. ನೀರು ಚೆನ್ನಾಗಿ ಕಾದ ಮೇಲೆ ತಾನಾಗಿ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ ಎಂದಿದ್ದ. ನೋಡಿದೆ, ಸುಟ್ಟಿತ್ತು. ಫ್ಯೂಸಿನ ಪೆಟ್ಟಿಗೆಯಲ್ಲೇ ಇದ್ದ ಇನ್ನೊಂದನ್ನು ಹಾಕಿ ಚಾವಿ ತಿರುಗಿಸಿದೆ. ಫ್ಯಾನು ಗುಂಯ್ ಎಂದು ಮುಲುಕಿತೇ ಹೊರತು ತಿರುಗಲಿಲ್ಲ. ಇದೂ ಸುಟ್ಟರೆ ಗತಿಯಿಲ್ಲವೆಂದು ತಟ್ಟನೆ ಆಫ್ ಮಾಡಿ, ಚಾವಿಯನ್ನು ಅತ್ತೆಯ ಕೈಗೆ ಕೊಟ್ಟು, ಬಗ್ಗಿ ನೋಡಿದೆ.

ಫ್ಯಾನಿನ ರೆಕ್ಕೆಯನ್ನೂ ಅದರ ಚೌಕಟ್ಟನ್ನೂ ಸೇರಿಸಿ, ಅರಿಸಿನದ ದಾರದಲ್ಲಿ ಸೇವಂತಿಗೆ ಕಟ್ಟಿತ್ತು. ಗಂಟುಗಳೂ ಒಂದೆರಡಲ್ಲ.

"ಅಯ್ಯೋ, ಅದು ನಾನೇ ಕಣೇ, ಪೂಜೆ ದಿನ ಕಟ್ಟಿದ್ದು," ಎಂದರು ಅತ್ತೆ. "ಹಳೇ ವಂಡೀಲಿ ಫ್ಯಾನ್ ಮೇಲೆ ಹೂವು ಇಡ್ತಿದ್ದೆ. ಸ್ಟಾರ್ಟ್ ಮಾಡಿದ ತಕ್ಷಣ ಎಸಳೆಲ್ಲಾ ಹಾರೋದು, ದೇವರೇ ಪ್ರಸಾದ ಕೊಟ್ಟ ಹಾಗೆ. ಇದು ಸ್ಟಾರ್ಟ್ ಮಾಡಿದ್ರೂ ಸುಮ್ನೆ ನಿಂತಿತ್ತು. ತಿರುಗೋ ಸಾಮಾನೇ ಅಲ್ಲ ಅಂದ್ಕೊಂಡು, ಬೀಳದ ಹಾಗೆ ಗಟ್ಟಿಯಾಗಿ ಕಟ್ಬಿಟ್ಟೆ."

ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಅಕ್ಕನಿಗೆಂದು ತಂದ ಪುಳಿಯೋಗರೆ ಡಬ್ಬಿಯನ್ನು ಅಪ್ಪಿಕೊಂಡು ನಿಂತ ಆ ಮುಖ ನೋಡಿ, ಒಂದು ಪಿನ್ನು ಕೊಡಿ ಎಂದಷ್ಟೇ ಕೇಳಿದೆ. ಅವರ ಬಳೆಯಲ್ಲಿದ್ದ ಪಿನ್ನಿನಿಂದಲೇ ಗಂಟು ಬಿಡಿಸಿದೆ. ರೆಕ್ಕೆ ಸಲೀಸಾಗಿ ತಿರುಗಿತು. ಚಾವಿ ಹಾಕಿದೊಡನೆ ಫ್ಯಾನು ಬುರ್ರೆಂದಿತು. ಮುಳ್ಳು ಇಳಿಯುವವರೆಗೆ ಕಾದು ಹೊರಟೆವು. ಪೋರೂರಿನಲ್ಲಿ ಅಕ್ಕತಂಗಿಯರು ಕೈಕೈ ಹಿಡಿದು ಕೂತರು. ನನ್ನ ಉಳಿದ ಕೋಪವೂ ಅಲ್ಲೇ ಇಳಿದುಹೋಯಿತು.

ವಾಪಸು ಬರುವಾಗ ಮಾವನಿಗೆ ಏನು ಹೇಳುವುದೆಂಬುದೇ ಯೋಚನೆ. ನಡೆದದ್ದು ಹೇಳಿದರೆ ಅವರು ಅತ್ತೆಯನ್ನು ಮುಂದಿನ ಆಯುಧಪೂಜೆಯವರೆಗೆ ಆಡಿಕೊಳ್ಳುತ್ತಿದ್ದರು. ಮುಚ್ಚಿಟ್ಟರೆ ತಡವಾದ ತಪ್ಪೆಲ್ಲ ನನ್ನ ಡ್ರೈವಿಂಗಿನ ತಲೆಗೆ, ಪೋರೂರಿನ ದಾರಿ ಅಲ್ಲಿಗೆ ಬಂದ್.

ಮಾವ ಬಾಗಿಲಲ್ಲೇ ಚಾವಿಗೆ ಕೈಚಾಚಿ ನಿಂತಿದ್ದರು. "ಏನಿಷ್ಟ್ ಹೊತ್ತು? ಎಲ್ಲಿ ಕೆಡಿಸಿದ್ಲು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. ಗಂಡನೆದುರು ಅವರು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಕೆಡಿಸಿದ್ದು ನಾನು, ಪೂಜೆ ಮಾಡಿ. ಸರಿ ಮಾಡಿದ್ದು ಅವಳು. ಬೈಯೋದಿದ್ರೆ ನನ್ನ ಬೈಯಿರಿ. ಚಾವಿ ಅವಳ ಹತ್ರಾನೇ ಇರ್ಲಿ. ಗುರುವಾರ ಮತ್ತೆ ಹೋಗ್ಬೇಕು, ಅಕ್ಕ ಕೊಬ್ಬರಿ ಮಿಠಾಯಿ ಕೇಳಿದ್ದಾಳೆ."

ಚಾಚಿದ ಕೈಯನ್ನು ಏನು ಮಾಡಬೇಕೆಂದು ಮಾವನವರಿಗೆ ತಿಳಿಯಲಿಲ್ಲ. ಕೊನೆಗೆ ಅತ್ತೆಯ ಕೈಲಿದ್ದ ಖಾಲಿ ಡಬ್ಬಿ ಇಸಿದುಕೊಂಡು ಒಳಗೆ ಹೋದರು.