ಮೂವತ್ತೆರಡನೇ ನಂಬರಿನ ರಕ್ತ

ಗುಟ್ಟು ಕಾಪಾಡುವ ಕೆಲಸವನ್ನು ನನಗೆ ವಹಿಸಿದವರನ್ನು ಮೊದಲು ಬೈಯಬೇಕು. ಆಮೇಲೆ ನನ್ನನ್ನು.

ನಾನು ಬಂಗಾರಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವನು. ಊರು ಕಾಮಸಮುದ್ರದ ಪಕ್ಕ. ಅಮ್ಮ ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರ್. ಹಾಲು ಅಳೆದು, ಫ್ಯಾಟ್ ನೋಡಿ, ಹಾಲು ಹಾಕುವವರ ನಂಬರ್ ಕೂಗಿ ಬರೆಸುವುದು ಅವಳ ಕೆಲಸ. ಮುಖ ಕಂಡರೆ ಸಾಕು, ನಂಬರ್ ತಾನಾಗಿ ಬಾಯಿಗೆ ಬರುತ್ತಿತ್ತು. ನಮ್ಮೂರಲ್ಲಿ ಹೆಸರು ಮರೆತವರುಂಟು, ಡೈರಿ ನಂಬರ್ ಮರೆತವರಿಲ್ಲ.

ಬೆಂಗಳೂರಿನಿಂದ ಸಂಶೋಧಕರು ಬಂದರು. ರಕ್ತದಲ್ಲಿರುವ ಪ್ರೋಟೀನುಗಳನ್ನು ಅಳೆದು, ಯಾರಿಗೆ ಯಾವ ಕಾಯಿಲೆ ಬರಬಹುದೆಂದು ವರ್ಷಗಳ ಮುಂಚೆಯೇ ಹೇಳುತ್ತಾರಂತೆ. ಮೊದಲು ಮುಚ್ಚಿದ ಚಿನ್ನದ ಗಣಿಯ ಪಕ್ಕದ ಕೋರಮಂಡಲ್‌ಗೆ ಹೋಗಿದ್ದರು. ಅಲ್ಲಿ ಒಬ್ಬ ಮುದುಕರು, "ಚಿನ್ನ ತೋಡಿದ್ದಾಯ್ತು, ಈಗ ರಕ್ತ ತೋಡಕ್ಕೆ ಬಂದ್ರಾ?" ಎಂದು ಬಾಗಿಲು ಹಾಕಿಕೊಂಡರಂತೆ. ನಮ್ಮೂರು ಅಷ್ಟು ಒರಟಲ್ಲ. ಬಿಸ್ಕತ್ತು ಕೊಡುತ್ತಾರೆಂದು ಗೊತ್ತಾದದ್ದೇ ತಡ, ಡೈರಿ ಮುಂದೆ ಸಾಲು ನಿಂತಿತು. ಒಪ್ಪಿಗೆ ಪತ್ರ ಹನ್ನೊಂದು ಪುಟ, ಇಂಗ್ಲಿಷಿನಲ್ಲಿ. ರಕ್ತ ತೆಗೆಯುವುದರ ಜೊತೆಗೆ ಅದನ್ನು ಓದಿ ಹೇಳುವ ಜವಾಬ್ದಾರಿಯೂ ನನ್ನದು. "ಏನೂ ಇಲ್ಲ, ಸೈನ್ ಹಾಕಿ" ಎಂದು ಹನ್ನೊಂದು ಪುಟವನ್ನೂ ನಾಲ್ಕು ಪದಕ್ಕೆ ಇಳಿಸಿದೆ.

"ಹೆಸರು ಎಲ್ಲೂ ಬರಬಾರದು, ಬರೀ ನಂಬರ್ ಇರಲಿ" ಎಂದರು ಸಂಶೋಧಕರ ತಂಡದ ಡಾಕ್ಟರಮ್ಮ. ನನ್ನ ಬುದ್ಧಿ ಚುರುಕಾಯಿತು. ಹೊಸ ನಂಬರ್ ಯಾಕೆ, ಎಲ್ಲರಿಗೂ ಒಂದೊಂದು ಇದ್ದೇ ಇದೆಯಲ್ಲ! ಟ್ಯೂಬುಗಳ ಮೇಲೆ ಡೈರಿ ನಂಬರನ್ನೇ ಬರೆದೆ. ಎಲ್ಲಿಂದ ತಂದೆ ಎಂದು ಆಕೆ ಕೇಳಲಿಲ್ಲ, ನನ್ನ ಅಚ್ಚುಕಟ್ಟನ್ನು ಮಾತ್ರ ಹೊಗಳಿದರು. ಅಮ್ಮನ ರಕ್ತ ನಾನೇ ತೆಗೆದೆ. ಮೂವತ್ತೆರಡು.

ಫಲಿತಾಂಶ ಡೈರಿ ಸೆಕ್ರೆಟರಿಯ ಮೊಬೈಲಿಗೆ ಬಂತು. ಜನರಿಗೆ ಅರ್ಥವಾಗಲೆಂದು ಇದೊಂದನ್ನು ಮಾತ್ರ ಕನ್ನಡದಲ್ಲಿ ಕಳಿಸಿದ್ದರು. ನಂಬರುಗಳ ಪಟ್ಟಿ ಕಂಡರೆ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸುವುದು ಆತನ ಹಳೇ ಅಭ್ಯಾಸ. ಫ್ಯಾಟ್ ಪಟ್ಟಿಯ ಪಕ್ಕದಲ್ಲೇ ಅಂಟಿಸಿದ. ಜನ ತಮ್ಮದಕ್ಕಿಂತ ಮೊದಲು ಪಕ್ಕದ ಮನೆಯವರದು ಓದಿದರು. ಹದಿನೇಳನೇ ನಂಬರಿಗೆ ಕಿಡ್ನಿ, ನಲವತ್ತಕ್ಕೆ ಹೃದಯ. ಮೂವತ್ತೆರಡರ ಎದುರು, ಮರೆವಿನ ಕಾಯಿಲೆ, ಸಂಭವ ಹೆಚ್ಚು. ಸಂಭವ ಅನ್ನುವ ಪದವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಅಂದು ಸಾಯಂಕಾಲವೇ ಶುರುವಾಯಿತು. "ಅಕ್ಕಾ, ನನ್ ನಂಬರ್ ಗ್ಯಾಪ್ಕ ಐತಾ?" ಎಂದು ಅಮ್ಮನ ನೆನಪನ್ನು ಪರೀಕ್ಷಿಸಿದಳು ಒಬ್ಬಳು. ಅಳೆದ ಹಾಲನ್ನು ಇನ್ನೊಂದು ಸಲ ಅಳೆ ಎಂದು ಇನ್ನೊಬ್ಬ. ನಾನೇನು ಕಡಿಮೆಯೇ? ಊಟಕ್ಕೆ ಕೂತಾಗ, "ಅಮ್ಮಾ, ಮೊನ್ನೆ ಏನ್ ಸಾರು ಮಾಡಿದ್ದೆ?" ಎಂದೆ. "ಬಸ್ಸಾರು. ಉಪ್ಪು ಕಮ್ಮಿ ಅಂದೆ ನೀನು" ಎಂದಳು. ಯಾಕೆ ಕೇಳಿದೆನೆಂದು ಇಬ್ಬರಿಗೂ ಗೊತ್ತಿತ್ತು. ಅಮ್ಮ ಉಪ್ಪಿನ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು.

ಮೂರನೇ ದಿನ ಸೆಕ್ರೆಟರಿ ಎಲ್ಲರ ಮುಂದೆ, "ಸ್ವಲ್ಪ ದಿನ ರೆಸ್ಟ್ ತಗಾ ಅಕ್ಕಾ. ಬೇರೆಯೋರು ಟೆಸ್ಟ್ ಮಾಡ್ಲಿ. ನಿನ್ ಒಳ್ಳೇದಕ್ಕೇ" ಎಂದ.

ಅಮ್ಮ ಗೋಡೆಗೆ ಬೆನ್ನು ಮಾಡಿ, ಸೆರಗು ಸಿಕ್ಕಿಸಿ ನಿಂತಳು. "ನಂಗೆ ಮರ್ವಾ? ಕೇಳ್ರಿ. ಹದ್ನೇಳು, ಕಿಡ್ನಿ. ನಲ್ವತ್ತು, ಆರ್ಟು. ಐವತ್ತೊಂದು..."

ಐವತ್ತೊಂದು ಸೆಕ್ರೆಟರಿಯ ನಂಬರ್. ಒಂದೇ ನೆಗೆತಕ್ಕೆ ಪಟ್ಟಿಯನ್ನು ಪರಪರ ಹರಿದ. "ಅಯ್ಯೋ, ಇನ್ನೊಬ್ಬರ ಸಂಗ್ತಿ ಇಂಗೆಲ್ಲಾ ಕೂಗ್ಬಾರ್ದಕ್ಕಾ!" ಎಂದ. ಖಾಸಗಿತನದ ಬಗ್ಗೆ ನಮ್ಮೂರಿನಲ್ಲಿ ನಡೆದ ಭಾಷಣ ಅದೊಂದೇ. ಅಮ್ಮನ ಕೆಲಸ ಉಳಿಯಿತು.

ಅಮ್ಮನ ವಿವರ ಅಳಿಸಿಬಿಡಿ ಎಂದು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ನಮ್ಮ ಹತ್ರ ಹೆಸರೇ ಇಲ್ಲವಲ್ಲ, ಯಾರದಂತ ಅಳಿಸೋದು?" ಎಂದರು. ಮೂವತ್ತೆರಡನೇ ನಂಬರ್ ಎಂದೆ. "ಅದು ಆಗ್ಲೇ ಬೇರೆ ಸಂಸ್ಥೆಗಳಿಗೂ ಹೋಗಿಯಾಗಿದೆ. ಒಂಬತ್ತನೇ ಪುಟದಲ್ಲಿ ಬರೆದಿದ್ದೇವಲ್ಲ" ಎಂದರು. ಆ ಪುಟದಲ್ಲಿ ಸಾಕ್ಷಿಯ ಸಹಿ ನನ್ನದೇ.

ಹೋದ ವಾರ ಡೈರಿಗೆ ಹೋಗಿದ್ದೆ. ಅಮ್ಮ ಮೊದಲಿನಂತೆಯೇ ನಂಬರ್ ಕೂಗುತ್ತಿದ್ದಳು, ಒಂದೂ ತಪ್ಪಿಲ್ಲ. ಆದರೆ ನಡುನಡುವೆ ಸೆರಗಿನ ಮರೆಯಲ್ಲಿ ಎಡಗೈ ನೋಡಿಕೊಳ್ಳುತ್ತಿದ್ದಳು. ಹತ್ತಿರ ಹೋಗಿ ಕೈ ಹಿಡಿದು ನೋಡಿದೆ. ಅಂಗೈ ತುಂಬ ಬಾಲ್‌ಪೆನ್ನಿನಲ್ಲಿ ನಂಬರುಗಳು. ಎಲ್ಲಕ್ಕಿಂತ ಮೇಲೆ ಮೂವತ್ತೆರಡು.

"ಏನಮ್ಮಾ ಇದು? ನಿಂಗೆ ಎಲ್ಲಾ ನೆನಪಿದೆಯಲ್ಲ!"

ಅಮ್ಮ ಕೈ ಎಳೆದುಕೊಂಡಳು. "ರಕ್ತ ತಗಂಡೋನು ನೀನೇ ಕಣ್ಲಾ, ಅದ್ರಾಗೆ ಬಂದಿದ್ದು ಸುಳ್ಳಾಯ್ತದಾ?"