ಕಣ್ಣು ಬಿಟ್ಟು ನಿಂತ ಕೊಕ್ಕರೆ

ನನ್ನ ನಾದಿನಿ, ಯಜಮಾನರ ತಂಗಿ, ನರ್ಸು. ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಹದಿನಾರು ವರ್ಷ ಬಸ್ಸಲ್ಲೇ ತಿರುಗಿದಳು. ಆಮೇಲೆ ಆಸ್ಪತ್ರೆಯವರು ಒಂದು ಬೈಕು ಕೊಟ್ಟು, ಒಂದು ತಿಂಗಳೊಳಗೆ ಲೈಸೆನ್ಸ್ ತರದಿದ್ದರೆ ವಾರ್ಡಿಗೆ ಹಾಕುತ್ತೇವೆ ಅಂದರು. ವಾರ್ಡು ಬೇರೆಯವರಿಗೆ ಸುಖ. ಇವಳಿಗೆ ಮಾತ್ರ ತನ್ನ ರೋಗಿಗಳನ್ನು ಬಿಟ್ಟು ಇರುವುದೆಂದರೆ ಅನ್ನ ಇಳಿಯುತ್ತಿರಲಿಲ್ಲ.

ಆಗ ಅವಳು ನಮ್ಮ ಜೊತೆಗೇ ಇದ್ದಳು. ದಿನಾ ಬೆಳಿಗ್ಗೆ ಐದೂವರೆಗೆ ತಾರಸಿಯಲ್ಲಿ ಚಾಪೆ ಹಾಸಿ ಇಬ್ಬರೂ ಯೋಗ ಮಾಡುತ್ತಿದ್ದೆವು. ನಾನು ನೂರು ಎಣಿಸುವ ತನಕ ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲುತ್ತಿದ್ದಳು.

"ನಂಗೆ ಬ್ಯಾಲೆನ್ಸ್ ಇದೆ ಅಣ್ಣ, ಎರಡು ದಿನ ಸಾಕು," ಅಂದಳು, ಬೈಕು ಕಲಿಸಲು ಹೊರಟ ತನ್ನ ಅಣ್ಣನಿಗೆ.

ನಮ್ಮ ಯಜಮಾನರು ಬೈಕ್ ಮೆಕ್ಯಾನಿಕ್ಕು. ಕೈಗೆ ಹತ್ತಿದ ಗ್ರೀಸು ಒರೆಸುತ್ತ ಅಂದರು: "ಒಂಟಿಕಾಲಲ್ಲಿ ನಿಂತವರಿಗೆಲ್ಲ ಲೈಸೆನ್ಸ್ ಕೊಡೋದಾದ್ರೆ ಕೊಕ್ಕರೆ ಮೊದ್ಲೇ ಬಂದು ಕ್ಯೂನಲ್ಲಿ ನಿಲ್ತಿತ್ತು ಕಣೇ."

ಅವತ್ತಿನಿಂದ ಅವಳು ಕೊಕ್ಕರೆ.

ಮನೆ ಕೆಳಗಿನ ಗ್ಯಾರೇಜಿನ ಹಿಂದೆ ಖಾಲಿ ಜಾಗ. ಎರಡು ಡ್ರಮ್ಮು ಇಟ್ಟು, ಅವುಗಳ ಸುತ್ತ ಎಂಟರ ಆಕಾರದಲ್ಲಿ ಬೈಕು ತಿರುಗಿಸಬೇಕು, ಕಾಲು ನೆಲಕ್ಕೆ ತಾಗಬಾರದು. ಮೊದಲ ದಿನವೇ ನಾನು ಹೇಳಿಕೊಟ್ಟೆ: "ಹೆದರಿಕೆ ಆದಾಗ ಉದ್ದಕ್ಕೆ ಉಸಿರು ಬಿಡಮ್ಮ, ತಾರಸಿ ಮೇಲೆ ಬಿಡೋ ಹಾಗೆ."

ನೆಟ್ಟಗೆ ಚೆನ್ನಾಗಿಯೇ ಹೋಗುತ್ತಿದ್ದಳು. ತಿರುವು ಬಂತೋ, ಸೀದಾ ಡ್ರಮ್ಮಿಗೆ. ಒಂದು ವಾರದಲ್ಲಿ ಹನ್ನೊಂದು ಸಲ. ಹೆಲ್ಮೆಟ್ಟು, ದಪ್ಪ ಪ್ಯಾಂಟು ಇದ್ದದ್ದಕ್ಕೆ ಮೊಣಕೈ ತರಚಿದ್ದಷ್ಟೇ.

"ಡ್ರಮ್ ಏನೇ ಪಾಪ ಮಾಡಿತ್ತು?" ಅಂದರು ಯಜಮಾನರು. ಅವಳು ನಗಲಿಲ್ಲ. ಅವತ್ತು ಮೊದಲ ಸಲ ಅತ್ತಳು. "ಅತ್ತಿಗೆ, ವಾರ್ಡೇ ಗತಿ."

ಮಾರನೇ ದಿನ ನಾನು ಡ್ರಮ್ಮಿನ ಆಚೆ ಹಳೇ ಟೈರಿನ ಮೇಲೆ ಕೂತೆ. ನನಗೆ ಅಕ್ಷರ ಅಷ್ಟಕ್ಕಷ್ಟೆ, ಕಣ್ಣು ಮಾತ್ರ ಚುರುಕು. ಮೂರು ಸುತ್ತು ನೋಡಿದೆ. ತಿರುವಿಗೆ ಬಂದಳು, ಭುಜ ಇಳಿಸಿ ಉಸಿರು ಬಿಟ್ಟಳು, ರೆಪ್ಪೆ ಮುಚ್ಚಿದಳು! ಮೂರು ಸಲವೂ ಹಾಗೇ. ವರ್ಷಗಟ್ಟಲೆ ಉಸಿರಿನ ಜೊತೆ ಕಣ್ಣು ಮುಚ್ಚಿ ಅಭ್ಯಾಸ. ಕಲಿಸಿದವಳು ನಾನೇ.

ಹೇಳಿದಾಗ ಅವಳು ನಂಬಲಿಲ್ಲ. ಯಜಮಾನರು ತಲೆ ಚಚ್ಚಿಕೊಂಡರು. "ಅತ್ತಿಗೆ ನಾದಿನಿ ಸೇರಿ ರಸ್ತೇಲಿ ಧ್ಯಾನ ಮಾಡ್ತಿದ್ದೀರಾ?"

ಅಂದಿನಿಂದ ತಾರಸಿಯಲ್ಲಿ ಕಣ್ಣು ಬಿಟ್ಟೇ ಯೋಗ. ಒಂಟಿಕಾಲಲ್ಲಿ ನಿಂತು, ನೀರಿನ ಟ್ಯಾಂಕಿನ ಕೆಂಪು ನಲ್ಲಿ ನೋಡುತ್ತ ಉಸಿರು ಬಿಡಬೇಕು. ಆಮೇಲೆ ನಿಧಾನಕ್ಕೆ ಕತ್ತು ತಿರುಗಿಸಿ ಎದುರು ಮೂಲೆಯ ಬಕೆಟ್ಟು. ಎರಡು ದಿನ ಕೊಕ್ಕರೆ ತೂರಾಡಿತು. ಮೂರನೇ ದಿನ ನಿಂತಿತು. ಕೆಳಗೆ ಯಜಮಾನರದೂ ಅದೇ ಪಾಠ: "ಡ್ರಮ್ ನೋಡ್ಬೇಡ, ಹೋಗಬೇಕಾದ ಜಾಗ ನೋಡು."

ಪರೀಕ್ಷೆಯ ದಿನ ನಾನು ಕೈಚೀಲದ ಹಿಡಿ ಹಿಂಡುತ್ತ ಬೇಲಿಯ ಹತ್ತಿರ ನಿಂತಿದ್ದೆ. ಎರಡನೇ ತಿರುವಿನಲ್ಲಿ ಅವಳ ಭುಜ ಇಳಿಯಿತು. ಕಣ್ಣು ಮುಚ್ಚಿದಳೋ ಏನೋ ಅಂತ ಬೇಲಿಯ ಮೇಲೆ ಬಾಗಿದೆ. ಹೆಲ್ಮೆಟ್ಟು ಮೆಲ್ಲಗೆ ಪಕ್ಕಕ್ಕೆ ತಿರುಗಿತು, ಅದರ ಹಿಂದೆಯೇ ಬೈಕೂ ತಿರುಗಿತು. ಕಾಲು ನೆಲ ಮುಟ್ಟಲಿಲ್ಲ.

ಯಜಮಾನರು ಹೋಗಿ ಒಂಬತ್ತು ವರ್ಷವಾಯಿತು. ಅವರು ಅವತ್ತು ನನ್ನ ತಲೆಗೆ ತಮ್ಮ ಹೆಲ್ಮೆಟ್ಟು ಹಾಕಿ, ಪಟ್ಟಿ ಬಿಗಿದು, ತಂಗಿಯ ಹಿಂದೆ ಕೂರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ದೊಡ್ಡ ರಸ್ತೆಗೆ ಬಂದಾಗ ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ ಕೂಗಿದಳು:

"ಅತ್ತಿಗೆ, ಉಸಿರು ಬಿಡಿ. ಹಾಗೇ ಕಣ್ಣೂ ಬಿಡಿ!"